ಪ್ರಸ್ತಾರ ಉಳಿಯಿತು, ದನಿ ಹೋಯಿತು

ನಮ್ಮ ಓರಗೆಯವರು ಹಳ್ಳಿಯ ಶಾಲೆಗಳಲ್ಲಿ ಕಲಿಯುತ್ತಿದ್ದ ಕಾಲಕ್ಕೆ ಪದ್ಯ ಮೊದಲು ಕಿವಿಗೆ ಬೀಳುತ್ತಿತ್ತು, ಆಮೇಲೆ ಬಾಯಿಗೆ ಬರುತ್ತಿತ್ತು, ಅರ್ಥವೆಂಬುದು ಎಷ್ಟೋ ದಿನಗಳಾದ ಮೇಲೆ ಹಿಂದಿನಿಂದ ನಿಧಾನವಾಗಿ ಬಂದು ಸೇರಿಕೊಳ್ಳುತ್ತಿತ್ತು. ಕೆಲವು ಪದ್ಯಗಳ ಅರ್ಥ ಮದುವೆಯಾಗಿ ಮಕ್ಕಳಾದ ಮೇಲೆ ತಿಳಿದದ್ದೂ ಉಂಟು. ಅರ್ಥ ತಿಳಿಯದ ಅಷ್ಟು ವರ್ಷ ಪದ್ಯ ನಮ್ಮೊಳಗೆ ಸುಮ್ಮನೆ ಹೇಗೆ ಉಳಿದುಕೊಂಡಿತ್ತು? ಲಯ ಅದನ್ನು ಹಿಡಿದುಕೊಂಡಿತ್ತು, ಪ್ರಾಸ ಅದನ್ನು ಬಿಗಿದಿತ್ತು. ಮರೆಯಬೇಕೆಂದರೂ ಮರೆಯಲಾಗದ ಹಾಗೆ ಅದನ್ನು ಕಟ್ಟಿ ಕೊಟ್ಟಿದ್ದರು.

ಕನ್ನಡ ಪಂಡಿತರು ಹೊಸ ಪದ್ಯ ಶುರುಮಾಡುವ ದಿನ ಪುಸ್ತಕ ತೆರೆಯಗೊಡುತ್ತಿರಲಿಲ್ಲ. ಊಟ ಮುಗಿಸಿ ಬಂದು ತೂಕಡಿಸುವ ಹೊತ್ತು, ಕಿಟಕಿಯಾಚೆ ಬಿಸಿಲು. ಅವರು ಕಣ್ಣು ಅರೆಮುಚ್ಚಿ, ಅಂಗೈಯಿಂದ ಮೇಜು ತಟ್ಟುತ್ತ, ಪದ್ಯವನ್ನು ಒಮ್ಮೆ ರಾಗವಾಗಿ ಹೇಳುತ್ತಿದ್ದರು. ಎರಡನೆಯ ಸಲಕ್ಕೆ ಹಿಂದಿನ ಬೆಂಚಿನವನ ತೂಕಡಿಕೆ ಹೋಗುತ್ತಿತ್ತು. ಮೂರನೆಯ ಸಲಕ್ಕೆ ಇಡೀ ತರಗತಿ ದನಿಗೂಡಿಸುತ್ತಿತ್ತು. ಹೆಂಚಿನ ಮಾಡಿಗೆ ಬಡಿದ ಆ ದನಿ ಪಕ್ಕದ ಕೊಠಡಿಯ ಬೀಜಗಣಿತದೊಳಕ್ಕೂ ನುಗ್ಗುತ್ತಿತ್ತು. ಗಣಿತದ ಮೇಷ್ಟ್ರು ಬೈಯುವುದಕ್ಕೆಂದು ಬಾಗಿಲಿಗೆ ಬಂದವರು, ಬಂದ ಕೆಲಸ ಮರೆತು ಪದ್ಯ ಮುಗಿಯುವವರೆಗೆ ನಿಂತೇ ಇರುತ್ತಿದ್ದರು.

ಸೀಮೆಸುಣ್ಣ ಕೈಗೆ ಬರುತ್ತಿದ್ದುದು ಅದಾದ ಮೇಲೆ. ಗುರುವಿಗೆ ಅಡ್ಡಗೆರೆ, ಲಘುವಿಗೆ ಬಾಗಿದ ಗೆರೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘ ಗುರು, ಸೊನ್ನೆ ಹತ್ತಿದ್ದು ಗುರು, ಒತ್ತಕ್ಷರದ ಹಿಂದಿನದು ಗುರು. ಇಷ್ಟನ್ನು ಹೇಳಿ ಅವರು, "ಗೆರೆ ಎಳೆಯೋದಕ್ಕೆ ಮುಂಚೆ ಬಾಯಲ್ಲಿ ಹೇಳ್ಕೊಳ್ರೋ. ಎಲ್ಲಿ ಕೈ ತಟ್ಟಬೇಕು ಅನ್ನಿಸುತ್ತೋ ಅಲ್ಲೇ ಗಣ ಮುಗೀತು ಅಂತ" ಎನ್ನುತ್ತಿದ್ದರು. ನಮಗೆ ಪ್ರಸ್ತಾರವೆಂದರೆ ಕಿವಿ ಆಗಲೇ ಕಂಡುಹಿಡಿದದ್ದನ್ನು ಹಲಗೆಯ ಮೇಲೆ ತಾಳೆ ನೋಡುವ ಕೆಲಸ. ಸಂದೇಹ ಬಂದಾಗ ತೀರ್ಪು ಕೊಡುತ್ತಿದ್ದುದು ಕಿವಿಯೇ.

ಷಟ್ಪದಿಯ ಪಾಠವಂತೂ ಹಬ್ಬ. ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ ಎಂದು ಆರು ಹೆಸರುಗಳನ್ನು ಬೆರಳು ಮಡಿಚಿ ಹೇಳಿಸಿ, ಭಾಮಿನಿಗೆ ಬಂದು ನಿಲ್ಲುತ್ತಿದ್ದರು. ಪುಸ್ತಕದ ಪದ್ಯ ಮುಗಿದರೂ ಸಾಲದೆ, ಎದುರಿಗೆ ಕಂಡದ್ದನ್ನೇ ಭಾಮಿನಿಗೆ ಕೂರಿಸುತ್ತಿದ್ದರು. ಶಾಲೆ ಬಿಡುವ ಹೊತ್ತಿನ ಗದ್ದಲದಲ್ಲಿ ಹುಟ್ಟಿದ ಇಂಥ ಸಾಲುಗಳು ಇಂದಿಗೂ ನಾಲಿಗೆಯ ಮೇಲಿವೆ:

ಗಂಟೆ ಹೊಡೆಯಿತು ಬಸ್ಸು ಬಂದಿತು
ತುಂಟ ಹುಡುಗರು ಓಡಿ ಹೋದರು
ಒಂಟಿ ಕುಳಿತವನೊಬ್ಬ ಮಾತ್ರವೆ ಗಣವನೆಣಿಸಿದನೋ

ಎಣಿಸಿ ನೋಡಿ. 'ಗಂಟೆ' ಮೂರು ಮಾತ್ರೆ, 'ಹೊಡೆಯಿತು' ನಾಲ್ಕು, 'ಬಸ್ಸು' ಮೂರು, 'ಬಂದಿತು' ನಾಲ್ಕು. ಒಟ್ಟು 14. ಎರಡನೆಯ ಸಾಲೂ ಅಷ್ಟೇ. ಮೂರನೆಯದರಲ್ಲಿ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು, ಕೊನೆಗೊಂದು ಗುರು ನಿಲ್ಲುತ್ತದೆ, ಅಲ್ಲಿಗೆ 23. ಇದು ಅರ್ಧ. ಇಂಥದೇ ಇನ್ನೊಂದು ಅರ್ಧ ಸೇರಿದರೆ 102 ಮಾತ್ರೆಯ ಪೂರ್ತಿ ಭಾಮಿನಿ. 'ಕುಳಿತವನೊಬ್ಬ' ಎಂಬಲ್ಲಿ ಗಣವು ಮಾತಿನ ನಡುವೆ ಮುರಿಯುತ್ತದೆ. "ಮಾತು ತುಂಡಾದರೆ ಆಗಲಿ, ತಾಳ ತುಂಡಾಗಬಾರದು" ಎಂದು ಪಂಡಿತರು 'ವ'ಕಾರಕ್ಕೂ 'ನೊ'ಕಾರಕ್ಕೂ ನಡುವೆ ಗೆರೆ ಎಳೆದು ನಗುತ್ತಿದ್ದರು.

ಆ ಮೂರು ಸಾಲುಗಳ ಎರಡನೆಯ ಅಕ್ಷರ ನೋಡಿದಿರಾ? ಟೆ, ಟ, ಟಿ. ಅದು ಆದಿಪ್ರಾಸ. ಹಳೆಯ ಲಾಕ್ಷಣಿಕರು ಪ್ರಾಸಕ್ಕೆ ಪ್ರಾಣಿಗಳ ಹೆಸರಿಟ್ಟಿದ್ದರು: ಸಿಂಹ, ಗಜ, ವೃಷಭ, ಶರಭ, ಅಜ, ಹಯ. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಸೊನ್ನೆಯಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ಪ್ರಾಸಾಕ್ಷರ ಅದರದೇ ಒತ್ತು ಪಡೆದು ಇಮ್ಮಡಿಯಾಗಿದ್ದರೆ ಹಯ. ಈ ಪಾಠವಾದ ಮರುದಿನ ಶಾಲೆಯ ಅಂಗಳದಲ್ಲಿ ಎಲ್ಲರಿಗೂ ಹೊಸ ಹೆಸರು. ಕಮಲ ಸಿಂಹವಾದಳು, ರಾಜ ಗಜವಾದ, ಮಂಜ ವೃಷಭ, ಪುಟ್ಟ ಹಯ. ಅಜಕ್ಕೆ ಮಾತ್ರ ಯಾರೂ ಸಿಗಲಿಲ್ಲ. ಹೆಸರಲ್ಲಿ ವಿಸರ್ಗವಿಟ್ಟುಕೊಂಡು ಹುಟ್ಟಿದವರು ನಮ್ಮ ಸೀಮೆಯಲ್ಲೇ ಇರಲಿಲ್ಲ. ವ್ಯಾಕರಣ ಎಂದರೆ ಹೆದರಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. 'ಯಮಾತಾರಾಜಭಾನಸಲಗಂ' ಎಂಬ ಸೂತ್ರ ಹೇಳಿ ಕುಂಟಾಬಿಲ್ಲೆ ಆಡಿದ್ದೇವೆ. ಅದರ ಮೊದಲ ಎಂಟು ಅಕ್ಷರಗಳಲ್ಲಿ ಯಾವುದನ್ನು ಹಿಡಿದು ಮೂರಕ್ಷರ ಎಣಿಸಿದರೂ ಆ ಹೆಸರಿನ ಗಣವೇ ಸಿಕ್ಕುತ್ತದೆ ಎಂಬ ಚಮತ್ಕಾರ ಗೊತ್ತಾದ ದಿನ ಯಾರೋ ಜಾದೂ ಕಲಿಸಿಕೊಟ್ಟ ಸಂಭ್ರಮ.

ಇನ್ನು ಕಂದಪದ್ಯ. ಹೆಸರು ಕಂದ, ಸ್ವಭಾವ ಮಹಾ ಹಟಮಾರಿ. 12, 20, 12, 20 ಎಂದು ಒಟ್ಟು 64 ಮಾತ್ರೆ. ಎಲ್ಲವೂ ನಾಲ್ಕು ಮಾತ್ರೆಯ ಗಣ. ಬೆಸಸ್ಥಾನಗಳಲ್ಲಿ ಜಗಣ ಬರಕೂಡದು. ಆರನೆಯ ಗಣದಲ್ಲಿ ಮಾತ್ರ ಜಗಣವೋ ಸರ್ವಲಘುವೋ ಬಂದೇ ತೀರಬೇಕು. ಇಷ್ಟೊಂದು ಕಟ್ಟುಪಾಡಿನೊಳಗೆ ನಮ್ಮ ಹಳಗನ್ನಡದ ಕವಿಗಳು ಸಿಟ್ಟು, ಸೆಡವು, ಪ್ರೀತಿ, ಮರುಕ ಎಲ್ಲವನ್ನೂ ಹೇಗೆ ಸಲೀಸಾಗಿ ನಡೆಸಿದರು ಎಂದು ಪಂಡಿತರು ಬೆರಗಾಗುತ್ತಿದ್ದರು. ಆ ಬೆರಗೇ ನಿಜವಾದ ಪಾಠ. ಹತ್ತನೆಯ ಶತಮಾನದ ನಾಗವರ್ಮ 'ಛಂದೋಂಬುಧಿ'ಯನ್ನು ನಲ್ಲೆಯೊಬ್ಬಳನ್ನು ಕರೆದು ಹೇಳುವ ಧಾಟಿಯಲ್ಲಿ ಬರೆದ ಎಂದು ತಿಳಿದಾಗ ನಮಗೆ ಆಶ್ಚರ್ಯವೇನೂ ಆಗಲಿಲ್ಲ. ಛಂದಸ್ಸು ಅಕ್ಕರೆಯಿಂದ ಹೇಳಬೇಕಾದ ಸಂಗತಿ ಎಂಬುದನ್ನು ಪಂಡಿತರ ಮುಖದಲ್ಲೇ ನೋಡಿದ್ದೆವು.

ಶಾಲೆಯ ಹೊರಗೂ ಈ ವಿದ್ಯೆಗೆ ಮನೆಯಿತ್ತು. ಶ್ರಾವಣ ಬಂತೆಂದರೆ ಯಾರದೋ ಜಗುಲಿಯಲ್ಲಿ ಜೈಮಿನಿ ಭಾರತ. ಲಕ್ಷ್ಮೀಶನ ವಾರ್ಧಕ ಷಟ್ಪದಿ ಐದೈದು ಮಾತ್ರೆಯ ಹೆಜ್ಜೆ ಹಾಕುತ್ತ, ಅನುಪ್ರಾಸಗಳನ್ನು ಗೆಜ್ಜೆಯಂತೆ ಕುಣಿಸುತ್ತ ಬರುತ್ತಿತ್ತು. ಮಳೆ ಕೈಕೊಟ್ಟ ವರ್ಷ ದೇವಸ್ಥಾನದ ಪ್ರಾಂಗಣದಲ್ಲಿ ಕುಮಾರವ್ಯಾಸನ ವಿರಾಟಪರ್ವ ಓದಿಸುತ್ತಿದ್ದರು. ವಾಚನಕ್ಕೊಬ್ಬರು, ವ್ಯಾಖ್ಯಾನಕ್ಕೊಬ್ಬರು. ಭಾಮಿನಿಯ ಮೂರನೆಯ ಸಾಲು ಉದ್ದಕ್ಕೆ ಓಡಿ ಕೊನೆಯ ಗುರುವಿನ ಮೇಲೆ ನಿಂತಾಗ ಓದುವವರು ಅದನ್ನು ಎಳೆದು ಹಾಡುತ್ತಿದ್ದರು. ಕೇಳುವವರು ಉಸಿರು ಬಿಡುತ್ತಿದ್ದುದು ಆಗಲೇ. ಆ ನಿಲುಗಡೆಯನ್ನು ಕೇಳಿದವರಿಗೆ, ಸಾಲು ಅಷ್ಟು ಉದ್ದವೇಕೆ, ಕೊನೆಗೆ ಗುರುವೇ ಏಕೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಹಿಗೆ ಬದಲು ಹೆಬ್ಬೆಟ್ಟು ಒತ್ತುತ್ತಿದ್ದ ಗೌಡರೊಬ್ಬರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಓದುವವರು ಒಂದು ಮಾತ್ರೆ ತಪ್ಪಿದರೆ ಸಾಕು, ಅವರ ಕಣ್ಣು ತೆರೆಯುತ್ತಿತ್ತು. ಲಘು-ಗುರು ಎಂಬ ಹೆಸರೇ ಅವರಿಗೆ ಗೊತ್ತಿರಲಿಲ್ಲ, ತಪ್ಪು ಮಾತ್ರ ಗೊತ್ತಾಗುತ್ತಿತ್ತು.

ಇನ್ನೂ ಒಳಗೆ, ನಸುಕಿನ ಅಡುಗೆಮನೆಯಲ್ಲಿ, ರಾಗಿಕಲ್ಲಿನ ಸುತ್ತ ತ್ರಿಪದಿ. ಸಾವಿರದ ಮುನ್ನೂರು ವರ್ಷದಷ್ಟು ಹಳೆಯದಾದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಸಿಗುವ ಅದೇ ತ್ರಿಪದಿ, ಸರ್ವಜ್ಞನ ಅದೇ ತ್ರಿಪದಿ, ನಮ್ಮ ಅಜ್ಜಿಯರ ಬಾಯಲ್ಲಿತ್ತು. ಶಾಸ್ತ್ರದಲ್ಲಿ ಅದಕ್ಕೆ ಹನ್ನೊಂದು ಅಂಶಗಣ, ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಅಜ್ಜಿಯರಿಗೆ ಬ್ರಹ್ಮ-ವಿಷ್ಣುಗಳು ಗೊತ್ತಿದ್ದದ್ದು ಪೂಜೆಗೆ ಮಾತ್ರ. ಮೂರೇ ಸಾಲಿನ ಪದ್ಯವನ್ನು ಹಾಡುವಾಗ ಎರಡನೆಯ ಸಾಲನ್ನು ಮತ್ತೊಮ್ಮೆ ಹೇಳಿ ನಾಲ್ಕು ಮಾಡುತ್ತಿದ್ದರು. ಆ ಮರುಕಳಿಕೆಯಲ್ಲಿ ಕಲ್ಲು ಇನ್ನೊಂದು ಸುತ್ತು ಬರುತ್ತಿತ್ತು, ಎದುರಿಗೆ ಕೂತವಳು ದನಿ ಸೇರಿಸುತ್ತಿದ್ದಳು, ಮುಂದಿನ ಸಾಲು ನೆನಪಾಗುವುದಕ್ಕೆ ಎಡೆ ಸಿಗುತ್ತಿತ್ತು. ಕಾವ್ಯದಲ್ಲಿ ಪುನರಾವೃತ್ತಿ ಏಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಯಾವ ವಿಮರ್ಶೆಯಲ್ಲೂ ಓದಿಲ್ಲ. ಇಂಥ ಹಾಡುಗಳನ್ನು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ತಂದರು. ತಂದದ್ದು ಒಳ್ಳೆಯದಾಯಿತು, ಏಕೆಂದರೆ ಹಿಂದೆಯೇ ಊರೂರಿಗೆ ಹಿಟ್ಟಿನ ಗಿರಣಿ ಬಂತು.

ಗಿರಣಿ ಬರಬಾರದಿತ್ತು ಎನ್ನುವ ಧೈರ್ಯ ನನಗಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಬೀಸುತ್ತಿದ್ದ ಆ ತೋಳುಗಳ ನೋವು ಹಾಡಿನ ಅರ್ಧ ಭಾಗವಾಗಿತ್ತು. ಗಿರಣಿಯ ಪಟ್ಟೆ ತಿರುಗಿದ ದಿನ ಊರಿನ ಹೆಂಗಸರು ಸಮಾಧಾನದ ಉಸಿರು ಬಿಟ್ಟರು, ಬಿಡಲೇಬೇಕಿತ್ತು. ಕಲ್ಲು ಹೋಗಲಿ. ಆದರೆ ಕಲ್ಲಿನ ಜೊತೆಗೆ ಹಾಡೂ ಹೋಗಬೇಕಿತ್ತೇ? ಉಳಿದ ಆ ಒಂದು ಗಂಟೆಯ ಬಿಡುವಿನಲ್ಲಿ ಹಾಡಿಗೆ ಬೇರೊಂದು ಜಾಗ ಹುಡುಕಿಕೊಡಲು ನಮ್ಮಿಂದ ಏಕೆ ಆಗಲಿಲ್ಲ?

ಶಾಲೆಯಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ಪಠ್ಯದಿಂದ ಛಂದಸ್ಸನ್ನು ಯಾರೂ ಕಿತ್ತುಹಾಕಿಲ್ಲ. 'ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಿರಿ' ಎಂಬ ಪ್ರಶ್ನೆ ಪ್ರೌಢಶಾಲೆಯ ಮಕ್ಕಳನ್ನು ಈಗಲೂ ಕೇಳುತ್ತಾರೆ. ಅದಕ್ಕೆ ಬೀಳುವ ಅಂಕವೂ ಗಟ್ಟಿ, ಲೆಕ್ಕದಂತೆ ತಪ್ಪಿಲ್ಲದೆ ಬರುತ್ತದೆ. ಪಕ್ಕದ ಮನೆಯ ಹುಡುಗಿ ಪರೀಕ್ಷೆಗೆ ಓದುತ್ತಿದ್ದಳು. ಮೊದಲ ಸಾಲು ಕೂಡಿ 14 ಬಂದರೆ ಭಾಮಿನಿ, 20 ಬಂದರೆ ವಾರ್ಧಕ, 12 ಬಂದು ಮುಂದಿನದು 20 ಆದರೆ ಕಂದ ಎಂದು ಗೈಡಿನಲ್ಲಿದ್ದುದನ್ನು ಚೆನ್ನಾಗಿ ಕಲಿತಿದ್ದಳು. ಗೆರೆ ಎಳೆದದ್ದು ನೋಡಿದೆ. ಒಂದೂ ತಪ್ಪಿಲ್ಲ, ನಮ್ಮ ಕಾಲದಲ್ಲಿ ನಾವು ಹಾಕುತ್ತಿದ್ದುದಕ್ಕಿಂತ ಅಚ್ಚುಕಟ್ಟು. "ಎಲ್ಲಿ, ಒಂದು ಸಲ ಜೋರಾಗಿ ಓದಮ್ಮ" ಎಂದೆ. ಮುಖ ನೋಡಿದಳು. "ಓದೋದು ಪರೀಕ್ಷೆಗಿಲ್ಲ ಅಂಕಲ್" ಎಂದಳು.

ಅವಳದೇನು ತಪ್ಪು? ಮುಗಿಸಬೇಕಾದ ಪಾಠ ಬೆಟ್ಟದಷ್ಟು, ಪೀರಿಯಡ್ಡು ನಲವತ್ತು ನಿಮಿಷ. ಮೇಷ್ಟ್ರು ದನಿಯೆತ್ತಿ ಹಾಡಿದರೆ ಶಿಸ್ತಿಲ್ಲದ ತರಗತಿ ಎನ್ನುವವರು ಇದ್ದಾರೆ. ಹಾಡಬಲ್ಲ ಮೇಷ್ಟ್ರೂ ಕಡಿಮೆಯಾಗಿದ್ದಾರೆ, ಏಕೆಂದರೆ ಅವರಿಗೂ ಯಾರೂ ಹಾಡಿ ತೋರಿಸಲಿಲ್ಲ. ಈಗ ಪದ್ಯ ಹಾಕಿದರೆ ಕ್ಷಣದಲ್ಲಿ ಲಘು-ಗುರು ಗುರುತಿಸಿ ಕೊಡುವ ತಂತ್ರಾಂಶಗಳೂ ಬಂದಿವೆ. ಸಂಶೋಧಕರಿಗೆ ಅದು ವರವೇ. ಸಾವಿರಾರು ಪದ್ಯಗಳ ನಡೆಯನ್ನು ಒಬ್ಬರೇ ಕೂತು ತೂಗಿ ನೋಡಬಹುದು. ಎಣಿಸುವ ಕೆಲಸವನ್ನು ಯಂತ್ರ ವಹಿಸಿಕೊಂಡಿತು, ಸರಿ. ಹಾಗಾದರೆ ಮಕ್ಕಳ ಪಾಲಿಗೆ ಕೇಳುವ ಕೆಲಸವಾದರೂ ಉಳಿಯಬೇಕಿತ್ತಲ್ಲ? ನಾವು ಕೇಳುವುದನ್ನು ಬಿಟ್ಟು ಎಣಿಸುವುದನ್ನೇ ಅವರಿಗೆ ಕೊಟ್ಟೆವು.

ಛಂದಸ್ಸು ಹೋದದ್ದಕ್ಕೆ ಹೊಸ ಕವಿಗಳು ಕಾರಣ ಎಂದು ದೂರುವ ಹಿರಿಯರುಂಟು. ಆ ಮಾತು ನನಗೆ ಒಪ್ಪಿಗೆಯಿಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರ ಹೊತ್ತಿಗೆ ಆದಿಪ್ರಾಸವನ್ನು ಕೈಬಿಟ್ಟಾಗ ದೊಡ್ಡ ಗದ್ದಲವಾಯಿತು. ಪ್ರಾಸಕ್ಕಾಗಿ ಅರ್ಥವನ್ನು ತಿರುಚುವ ಸಂಕಟದಿಂದ ಕನ್ನಡ ಕವಿತೆ ಪಾರಾದದ್ದೂ ಆಗಲೇ. ಬಿ.ಎಂ.ಶ್ರೀ. ಹೊಸ ಮಟ್ಟುಗಳನ್ನು ತಂದರು. ಕುವೆಂಪು ಸರಳ ರಗಳೆಯನ್ನು ಹಿಗ್ಗಿಸಿ 'ಶ್ರೀರಾಮಾಯಣ ದರ್ಶನಂ' ಕಟ್ಟಿದರು. ಅಡಿಗರು ನವ್ಯದ ಒರಟು ನುಡಿ ತಂದರೂ ಅದರೊಳಗೆ ಮಾತ್ರೆಯ ಮಿಡಿತವನ್ನು ಉಳಿಸಿಕೊಂಡರು. ಛಂದಸ್ಸಿನ ಪಾಠಶಾಲೆಗೆ ಪ್ರವೇಶವೇ ಇಲ್ಲದಿದ್ದ ಜನರ ದನಿ ಕನ್ನಡಕ್ಕೆ ಬಂದದ್ದು ಈ ಕಟ್ಟು ಸಡಿಲವಾದ ಮೇಲೆ. 1975ರ 'ಹೊಲೆಮಾದಿಗರ ಹಾಡು' ಸಂಕಲನದ ಸಿದ್ಧಲಿಂಗಯ್ಯನವರು ಯಾವ ಲಕ್ಷಣಗ್ರಂಥದ ಅಪ್ಪಣೆಯನ್ನೂ ಕೇಳಲಿಲ್ಲ. ಆದರೂ ಅವರ ಹೋರಾಟದ ಹಾಡುಗಳಲ್ಲಿ ಮರುಕಳಿಸುವ ಸಾಲು ಮೆರವಣಿಗೆಯ ಹೆಜ್ಜೆಗೆ ಸರಿಯಾಗಿ ಕೂರುತ್ತಿತ್ತು. ಬಿಟ್ಟವರೆಲ್ಲ ಕಿವಿ ತುಂಬ ತುಂಬಿಕೊಂಡು ಬಿಟ್ಟವರು. ಅತ್ತ ಡಿ.ವಿ.ಜಿ. 1943ರಲ್ಲೂ ಆದಿಪ್ರಾಸ ಬಿಡದೆ 945 ಪದ್ಯಗಳ 'ಮಂಕುತಿಮ್ಮನ ಕಗ್ಗ' ಕೊಟ್ಟರು. ಇಂದು ಹೆಚ್ಚು ಜನರಿಗೆ ಬಾಯಿಪಾಠವಿರುವ ಆಧುನಿಕ ಪದ್ಯಗಳಲ್ಲಿ ಅವೂ ಸೇರಿವೆ. ಕಟ್ಟಿದವರಿಂದಲೂ ಮುರಿದವರಿಂದಲೂ ನಮಗೆ ನಷ್ಟವಾಗಿಲ್ಲ. ನಷ್ಟವಾದದ್ದು ಎರಡನ್ನೂ ಕಣ್ಣಲ್ಲೇ ಓದಿ ಮುಗಿಸುವ ನಮ್ಮಿಂದ.

ಧ್ವನಿಸುರುಳಿಯೂ ಹೀಗೇ ಎರಡಲಗಿನದು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ನಿಸಾರರ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗ ಕನ್ನಡ ಕವಿತೆ ಅಡುಗೆಮನೆಯ ಟೇಪ್ ರೆಕಾರ್ಡರಿಗೆ ಇಳಿಯಿತು. ಪುಸ್ತಕ ಮುಟ್ಟದವರೂ ಕವಿಗಳ ಹೆಸರು ಹೇಳತೊಡಗಿದರು. ಅದಕ್ಕೆ ನಾವು ಋಣಿ. ಆದರೆ ಅಷ್ಟು ಚೆಂದ ಹಾಡುವವರು ಮನೆಯಲ್ಲೇ ಸಿಕ್ಕ ಮೇಲೆ, ಅಷ್ಟೇನೂ ಚೆಂದವಿಲ್ಲದ ನಮ್ಮ ಗಂಟಲುಗಳು ನಾಚಿಕೊಂಡವು. ಮೊದಲು ಸೋಬಾನೆಗೆ ದನಿಗೂಡಿಸದ ಹೆಂಗಸು ಮದುವೆ ಮನೆಯಲ್ಲಿ ಇರುತ್ತಿರಲಿಲ್ಲ. ಈಗ ಅದೇ ಮನೆಯಲ್ಲಿ ಸ್ಪೀಕರು ಹಾಡುತ್ತದೆ, ಎಲ್ಲರೂ ಒಬ್ಬರ ಕಿವಿಗೊಬ್ಬರು ಕೂಗಿ ಮಾತಾಡುತ್ತಾರೆ.

ಎಲ್ಲವೂ ಮುಗಿದುಹೋಯಿತೆಂದು ನಾನು ಹೇಳುತ್ತಿಲ್ಲ. ಯಕ್ಷಗಾನದ ಭಾಗವತರು ಇಂದಿಗೂ ಭಾಮಿನಿಯಿಂದ ವಾರ್ಧಕಕ್ಕೆ, ವಾರ್ಧಕದಿಂದ ಕಂದಕ್ಕೆ ಹಾಯುತ್ತಾರೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿ ಗಮಕದ ಊರೆಂದೇ ಹೆಸರು ಪಡೆದಿದೆ; ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಶತಾವಧಾನಿ ಗಣೇಶರ ಅವಧಾನಕ್ಕೆ ಸಭೆ ತುಂಬುತ್ತದೆ. ಚಿತ್ರಗೀತೆ ಬರೆಯುವವರು ಟ್ಯೂನಿಗೆ ಮಾತು ಕೂರಿಸುವಾಗ ಬೆರಳು ಮಡಿಚಿ ಎಣಿಸುವುದನ್ನು ಬಿಟ್ಟಿಲ್ಲ. ಕನ್ನಡದಲ್ಲಿ ರ್‍ಯಾಪ್ ಹೇಳುವ ಹುಡುಗರು ಅಂತ್ಯಪ್ರಾಸದ ಮೇಲೆ ಅಂತ್ಯಪ್ರಾಸ ಪೇರಿಸುವುದನ್ನು ಕೇಳಿದರೆ ನಮ್ಮ ಪಂಡಿತರು ಹುಬ್ಬೇರಿಸಿ, ಆಮೇಲೆ ಮೇಜು ತಟ್ಟುತ್ತಿದ್ದರು ಎಂದೇ ನನ್ನ ನಂಬಿಕೆ. ಮಕ್ಕಳಿಗೆ ಕಿವಿ ಇದೆ. ಆ ಕಿವಿಗೂ ಕನ್ನಡದ ಪಾಠಕ್ಕೂ ನಡುವಿನ ಬಾಗಿಲನ್ನು ನಾವು ಮುಚ್ಚಿದ್ದೇವೆ.

ತೆರೆಯುವುದು ಕಷ್ಟದ ಕೆಲಸವಲ್ಲ. ಕನ್ನಡ ಹೇಳಿಕೊಡುವ ಮೇಷ್ಟ್ರೇ, ಮೇಡಂ, ಪ್ರಸ್ತಾರದ ಗೆರೆ ಎಳೆಯುವ ಮುನ್ನ ಪದ್ಯವನ್ನು ಮೂರು ಸಲ ಬಾಯಿಬಿಟ್ಟು ಹೇಳಿ, ಮಕ್ಕಳಿಂದ ಹೇಳಿಸಿ. ರಾಗ ಬರದಿದ್ದರೆ ಚಿಂತೆಯಿಲ್ಲ, ತಾಳ ಸಾಕು. ಪ್ರಶ್ನೆಪತ್ರಿಕೆ ಮಾಡುವವರು ಗೆರೆಗೆ ಕೊಡುವ ಅಂಕದಲ್ಲಿ ಒಂದನ್ನಾದರೂ ದನಿಗೆ ಕೊಡಲಿ. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಅವರಿಗೆ ಬರುವ ತ್ರಿಪದಿಯನ್ನೋ ಷಟ್ಪದಿಯನ್ನೋ ಹೇಳಲು ಕೇಳಿ, ಎರಡನೆಯ ಸಾಲಿಗೆ ನೀವೂ ದನಿ ಸೇರಿಸಿ. ಅವರು ಇರುವಾಗಲೇ ಕೇಳಿ. ಗಣದ ಹೆಸರು ಪುಸ್ತಕದಲ್ಲಿ ಯಾವತ್ತೂ ಸಿಗುತ್ತದೆ. ಅದನ್ನು ಹೇಳುವ ಧಾಟಿ ಸಿಗುವುದು ಹೇಳುವವರ ಬಾಯಲ್ಲಿ ಮಾತ್ರ.